2,753 ಎಂಬ ಲೆಕ್ಕ: ಅವಳಿ ಗೋಪುರಗಳಲ್ಲಿ ಸತ್ತವರ ಎಣಿಕೆ 24 ವರ್ಷವಾದರೂ ಮುಗಿಯದಿರುವುದು ಏಕೆ?

2025ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ನಗರದ ಮುಖ್ಯ ವೈದ್ಯಕೀಯ ಪರೀಕ್ಷಕರ ಕಚೇರಿ ಒಂದು ಪ್ರಕಟಣೆ ಹೊರಡಿಸಿತು. 2001ರ ಸೆಪ್ಟೆಂಬರ್ 11ರಂದು, ಅಪಹರಿಸಿದ ವಿಮಾನಗಳು ಬಡಿದು ಕುಸಿದ ವರ್ಲ್ಡ್ ಟ್ರೇಡ್ ಸೆಂಟರ್‌ನ ಅವಳಿ ಗೋಪುರಗಳಲ್ಲಿ ಸತ್ತ ಇನ್ನೂ ಮೂವರ ಗುರುತು ಸಿಕ್ಕಿದೆ ಎಂದು ಅದರಲ್ಲಿತ್ತು. ಇವರನ್ನೂ ಸೇರಿಸಿದರೆ ಗುರುತು ಸಿಕ್ಕವರು 1,653 ಮಂದಿ. ಇನ್ನುಳಿದ 1,100 ಮಂದಿಯ ಮನೆಯವರಿಗೆ ಒಂದು ಮೂಳೆಯ ಚೂರನ್ನೂ ತೋರಿಸಿ ಇದು ನಿಮ್ಮವರದು ಎಂದು ಹೇಳಲು ಈವರೆಗೆ ಯಾರಿಗೂ ಆಗಿಲ್ಲ.

ಈ ಸುದ್ದಿ ಓದಿದವರಲ್ಲಿ ಅನೇಕರು ಆ ದಾಳಿ ನಡೆದಾಗ ಹುಟ್ಟಿಯೇ ಇರಲಿಲ್ಲ. ಇಷ್ಟು ವರ್ಷ ಏಕೆ ಹಿಡಿಯಿತು, ಅಷ್ಟು ಜನ ಹೇಗೆ ಸತ್ತರು, ಅದೇ ಕಟ್ಟಡಗಳಿಂದ ಸಾವಿರಾರು ಜನ ಬದುಕಿ ಬಂದದ್ದು ಹೇಗೆ ಎಂಬ ಪ್ರಶ್ನೆಗಳು ಸಹಜ. ಉತ್ತರದ ಬಹುಪಾಲು ಮೆಟ್ಟಿಲುಗಳಲ್ಲಿ, ನಿಮಿಷಗಳಲ್ಲಿ ಮತ್ತು ಧೂಳಿನಲ್ಲಿ ಇದೆ.

## ಸಂಖ್ಯೆಯನ್ನು ಬಿಡಿಸಿ ನೋಡಿದರೆ

ಅಪಹರಣಕಾರರಾದ 19 ಜನರನ್ನು ಬಿಟ್ಟರೆ ಅಂದಿನ ದಾಳಿಯಲ್ಲಿ ಸತ್ತವರು 2,977. ಅಮೆರಿಕದ ರಕ್ಷಣಾ ಇಲಾಖೆಯ ಕೇಂದ್ರ ಕಚೇರಿಯಾದ ಪೆಂಟಗನ್‌ನಲ್ಲಿ 184 ಮಂದಿ, ಪೆನ್ಸಿಲ್ವೇನಿಯಾದ ಶಾಂಕ್ಸ್‌ವಿಲ್ ಬಳಿ ಬಿದ್ದ ವಿಮಾನದಲ್ಲಿ 40 ಮಂದಿ, ನ್ಯೂಯಾರ್ಕ್‌ನಲ್ಲಿ 2,753 ಮಂದಿ. ಈ ಲೇಖನ ನ್ಯೂಯಾರ್ಕ್‌ನ ಲೆಕ್ಕಕ್ಕೆ ಮಾತ್ರ ಸೀಮಿತ.

2,753ರಲ್ಲಿ 147 ಮಂದಿ ಗೋಪುರಗಳಿಗೆ ಬಡಿದ ಎರಡು ವಿಮಾನಗಳ ಪ್ರಯಾಣಿಕರು ಮತ್ತು ಸಿಬ್ಬಂದಿ. ನ್ಯೂಯಾರ್ಕ್ ಅಗ್ನಿಶಾಮಕ ಇಲಾಖೆಯ 343, ಕಟ್ಟಡಗಳ ಒಡೆತನವಿದ್ದ ಪೋರ್ಟ್ ಅಥಾರಿಟಿಯ ಪೊಲೀಸರು 37, ನಗರ ಪೊಲೀಸರು 23. ಉಳಿದವರು ಬೆಳಗಿನ ಕೆಲಸಕ್ಕೆ ಬಂದ ಜನ: ಗುಮಾಸ್ತರು, ಷೇರು ದಲ್ಲಾಳಿಗಳು, ಭದ್ರತಾ ಕಾವಲಿನವರು, ಉತ್ತರ ಗೋಪುರದ 106 ಮತ್ತು 107ನೇ ಮಹಡಿಯ ರೆಸ್ಟೋರೆಂಟ್‌ನಲ್ಲಿ ತಿಂಡಿ ಬಡಿಸುತ್ತಿದ್ದವರು, ಅಲ್ಲಿಗೆ ಸಭೆಗೆಂದು ಬಂದಿದ್ದ ಅತಿಥಿಗಳು. 90ಕ್ಕೂ ಹೆಚ್ಚು ದೇಶಗಳ ಮೂಲದವರು ಇದರಲ್ಲಿದ್ದರು. ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಕ್ಕಳು 3,000ಕ್ಕೂ ಹೆಚ್ಚು.

ಸಾವು ಎಲ್ಲ ಮಹಡಿಗಳಿಗೂ ಸಮನಾಗಿ ಹಂಚಿ ಹೋಗಲಿಲ್ಲ. ಉತ್ತರ ಗೋಪುರದ 101ರಿಂದ 105ನೇ ಮಹಡಿಗಳಲ್ಲಿದ್ದ ಕ್ಯಾಂಟರ್ ಫಿಟ್ಸ್‌ಜೆರಾಲ್ಡ್ ಎಂಬ ಹಣಕಾಸು ಸಂಸ್ಥೆಯೊಂದೇ 658 ನೌಕರರನ್ನು ಕಳೆದುಕೊಂಡಿತು. ಕೆಳಗಿನ ಮಹಡಿಗಳ ಎಷ್ಟೋ ಕಚೇರಿಗಳಲ್ಲಿ ಒಬ್ಬರೂ ಸಾಯಲಿಲ್ಲ. ಈ ಅಂತರ ಬಂದದ್ದು ಎಲ್ಲಿಂದ ಎಂದು ತಿಳಿಯಲು ಕಟ್ಟಡದ ಒಳಗೆ ಹೋಗಬೇಕು.

## ಮೂರು ಮೆಟ್ಟಿಲುಗಳ ಕಟ್ಟಡ

ಎರಡೂ ಗೋಪುರಗಳಿಗೆ 110 ಮಹಡಿ. ಇಷ್ಟೆತ್ತರದ ಕಟ್ಟಡಕ್ಕೆ ಇದ್ದದ್ದು ಮೂರೇ ಮೆಟ್ಟಿಲ ದಾರಿ. ಎರಡರ ಅಗಲ ಸುಮಾರು 112 ಸೆಂ.ಮೀ., ಒಂದರದ್ದು 142 ಸೆಂ.ಮೀ. ನಗರದ 1938ರ ಕಟ್ಟಡ ನಿಯಮ ಜಾರಿಯಲ್ಲಿದ್ದಿದ್ದರೆ ಆರು ಮೆಟ್ಟಿಲು ಬೇಕಾಗುತ್ತಿತ್ತು. 1968ರ ಹೊಸ ನಿಯಮ ಆ ಸಂಖ್ಯೆಯನ್ನು ಇಳಿಸಿತು, ಗೋಪುರಗಳು ಅದನ್ನೇ ಅನುಸರಿಸಿದವು. ಬಾಡಿಗೆಗೆ ಸಿಗುವ ಜಾಗ ಅದರಿಂದ ಹೆಚ್ಚಿತು. ಮೂರೂ ಮೆಟ್ಟಿಲುಗಳು ಕಟ್ಟಡದ ನಡುಮಧ್ಯದಲ್ಲಿ, ಲಿಫ್ಟ್‌ಗಳ ಜೊತೆ ಗುಂಪಾಗಿದ್ದವು. ಅವುಗಳ ಸುತ್ತ ಇದ್ದದ್ದು ಜಿಪ್ಸಂ ಹಲಗೆಯ ಗೋಡೆ. ಬೆಂಕಿಯನ್ನು ಎರಡು ಗಂಟೆ ತಡೆಯುವುದಕ್ಕೆ ಅದು ಸಾಕು, ಹೊಡೆತ ತಡೆಯುವುದಕ್ಕೆ ಸಾಲದು.

ಬೆಳಿಗ್ಗೆ 8:46ಕ್ಕೆ ಮೊದಲ ವಿಮಾನ ಉತ್ತರ ಗೋಪುರದ 93ರಿಂದ 99ನೇ ಮಹಡಿಗಳ ನಡುವೆ, ಹೆಚ್ಚುಕಡಿಮೆ ನೇರ ಮಧ್ಯಕ್ಕೆ ನುಗ್ಗಿತು. ಅಲ್ಲಿ ಮೆಟ್ಟಿಲುಗಳ ನಡುವಿನ ದೂರ ಸುಮಾರು 21 ಮೀಟರ್ ಮಾತ್ರ. ಮೂರೂ ಒಂದೇ ಏಟಿಗೆ ಮುರಿದವು. 91ನೇ ಮಹಡಿಯವರು ಇಳಿದು ಬಂದರು. 92 ಮತ್ತು ಅದರ ಮೇಲಿದ್ದ 1,350ಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಬದುಕಲಿಲ್ಲ. ಬಹುಪಾಲು ಜನ ಆ ಹೊಡೆತಕ್ಕೆ ಸಿಕ್ಕಿ ಸತ್ತವರಲ್ಲ. ಗೋಪುರ ಬಿದ್ದದ್ದು 10:28ಕ್ಕೆ. 102 ನಿಮಿಷ ಅವರಿಗೆ ಕೆಳಗಿಳಿಯುವ ದಾರಿಯೇ ಇರಲಿಲ್ಲ. ಮೇಲ್ಛಾವಣಿಯ ಬಾಗಿಲುಗಳಿಗೆ ಬೀಗವಿತ್ತು. ಬೀಗ ತೆಗೆದಿದ್ದರೂ ದಟ್ಟ ಹೊಗೆ, ಶಾಖ ಮತ್ತು ಆಂಟೆನಾ ಕಂಬಗಳ ನಡುವೆ ಹೆಲಿಕಾಪ್ಟರ್ ಇಳಿಯುವ ಸ್ಥಿತಿ ಅಲ್ಲಿರಲಿಲ್ಲ.

ಈ 102 ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಜನ ಕಿಟಕಿಗಳಿಂದ ಕೆಳಗೆ ಬಿದ್ದರು. ಇದರ ಬಗ್ಗೆ ಮಾತನಾಡುವಾಗ ಎಚ್ಚರ ಬೇಕು. ಉಸಿರು ಕಟ್ಟಿಸುವ ಹೊಗೆ, ಮೈ ಸುಡುವ ಬಿಸಿ ಬೆನ್ನಿಗಿದ್ದಾಗ ಮನುಷ್ಯ ಗಾಳಿ ಇರುವ ಕಡೆಗೆ ನುಗ್ಗುತ್ತಾನೆ. ಅದನ್ನು ಆಯ್ಕೆ ಎನ್ನಲಾಗದು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಮಂದಿ ಸತ್ತಾಗಲೂ ಹೊಗೆಯಿಂದ ತಪ್ಪಿಸಿಕೊಳ್ಳಲು ಜನ ಕಿಟಕಿಗಳಿಂದ ಹಾರಿದ್ದನ್ನು ನಮ್ಮವರು ಕಣ್ಣಾರೆ ಕಂಡಿದ್ದಾರೆ. ನ್ಯೂಯಾರ್ಕ್‌ನ ವೈದ್ಯಕೀಯ ಪರೀಕ್ಷಕರು ಇವರಲ್ಲಿ ಯಾರೊಬ್ಬರ ಮರಣ ಪತ್ರದಲ್ಲೂ ಆತ್ಮಹತ್ಯೆ ಎಂದು ಬರೆಯಲಿಲ್ಲ. ಎಲ್ಲವೂ ಕೊಲೆ ಎಂದೇ ದಾಖಲಾದವು.

ದಕ್ಷಿಣ ಗೋಪುರದ ಕಥೆ ಬೇರೆ. 9:03ಕ್ಕೆ ಬಂದ ಎರಡನೇ ವಿಮಾನ 77ರಿಂದ 85ನೇ ಮಹಡಿಗಳ ನಡುವೆ, ಮಧ್ಯಕ್ಕಿಂತ ಪಕ್ಕಕ್ಕೆ ಸರಿದು ಬಡಿಯಿತು. ಆ ಭಾಗದಲ್ಲಿ ಲಿಫ್ಟ್‌ಗಳ ಭಾರಿ ಯಂತ್ರಗಳಿದ್ದುದರಿಂದ ಮೆಟ್ಟಿಲುಗಳನ್ನು ಸುತ್ತಿಬಳಸಿ ದೂರ ದೂರ ಒಯ್ಯಲಾಗಿತ್ತು. ವಾಯವ್ಯ ಮೂಲೆಯ 'ಎ' ಮೆಟ್ಟಿಲು ಕೊನೆಯವರೆಗೂ ಇಳಿಯುವಂತಿತ್ತು. ಡಿಕ್ಕಿಯಾದ ಮಹಡಿಗಳಿಂದ ಮತ್ತು ಅದರ ಮೇಲಿನಿಂದ 18 ಮಂದಿ ಆ ದಾರಿಯಲ್ಲಿ ಬದುಕಿ ಬಂದರು. ಆ ಮೆಟ್ಟಿಲು ತೆರೆದಿದೆ ಎಂದು ಉಳಿದವರಿಗೆ ತಿಳಿಸುವ ವ್ಯವಸ್ಥೆ ಇರಲಿಲ್ಲ. ತುರ್ತು ಕರೆ ಸ್ವೀಕರಿಸುತ್ತಿದ್ದವರಿಗೆ ಕಟ್ಟಡದೊಳಗಿನ ಸ್ಥಿತಿಯ ಮಾಹಿತಿಯೇ ಸಿಗುತ್ತಿರಲಿಲ್ಲ. ಎತ್ತರದ ಕಟ್ಟಡದ ಬೆಂಕಿಗೆ ಅಂದು ರೂಢಿಯಲ್ಲಿದ್ದ ಸಲಹೆಯನ್ನೇ ಅವರು ಕೊಟ್ಟರು: ಇದ್ದಲ್ಲೇ ಇರಿ, ಸಹಾಯ ಬರುತ್ತದೆ. ನನ್ನ ಮಟ್ಟಿಗೆ ಇಡೀ ದಿನದ ಅತಿ ದೊಡ್ಡ ಲೋಪ ಇದು. 9:59ಕ್ಕೆ, ಬಡಿದ 56 ನಿಮಿಷಕ್ಕೆ ಆ ಗೋಪುರ ಕುಸಿಯಿತು.

## ನಡುವಿನ 16 ನಿಮಿಷ

ಎರಡು ಡಿಕ್ಕಿಗಳ ನಡುವೆ ಸುಮಾರು 16 ನಿಮಿಷ ಅಂತರವಿತ್ತು. ಪಕ್ಕದ ಗೋಪುರ ಉರಿಯುವುದನ್ನು ನೋಡಿ ದಕ್ಷಿಣ ಗೋಪುರದ ಬಹಳಷ್ಟು ಜನ ಯಾರನ್ನೂ ಕೇಳದೆ ಹೊರಟರು. ಆಗಿನ್ನೂ ಲಿಫ್ಟ್‌ಗಳು ಓಡುತ್ತಿದ್ದವು. ಲಿಫ್ಟ್ ಹಿಡಿದು, ತಡ ಮಾಡದೆ ಹೊರಟದ್ದರಿಂದ ಸುಮಾರು 3,000 ಜನ ಉಳಿದರು ಎಂಬುದು ಅಮೆರಿಕದ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ ನಿಸ್ಟ್ ನಡೆಸಿದ ತನಿಖೆಯ ಅಂದಾಜು.

ಇದೇ ಹೊತ್ತಿನಲ್ಲಿ ದಕ್ಷಿಣ ಗೋಪುರದ ಧ್ವನಿವರ್ಧಕದಲ್ಲಿ ಈ ಕಟ್ಟಡ ಸುರಕ್ಷಿತವಾಗಿದೆ, ನಿಮ್ಮ ಕಚೇರಿಗೆ ಮರಳಬಹುದು ಎಂಬ ಪ್ರಕಟಣೆ ಕೇಳಿಬಂತು. ಕೆಳಗೆ ಬೆಂಕಿ ಹತ್ತಿದ ಚೂರುಗಳು ಬೀಳುತ್ತಿದ್ದವು, ಹೊರಗೆ ಹೋದವರಿಗೆ ಅಪಾಯ ಎಂಬ ಎಣಿಕೆ ಇದರ ಹಿಂದಿತ್ತು. ಇನ್ನೊಂದು ವಿಮಾನ ಬರುತ್ತದೆ ಎಂದು ಯಾರೂ ಊಹಿಸಿರಲಿಲ್ಲ. ಕೆಲವರು ವಾಪಸ್ ಹತ್ತಿದರು. ದೊಡ್ಡ ಲಿಫ್ಟ್ ಬದಲಿಸುವ ಜಾಗವಾದ 78ನೇ ಮಹಡಿಯ ಲಾಬಿಯಲ್ಲಿ ಹೋಗುವುದೋ ಬಿಡುವುದೋ ಎಂದು ಬಹಳ ಜನ ಕಾಯುತ್ತ ನಿಂತಿದ್ದರು. ವಿಮಾನದ ರೆಕ್ಕೆ ಬಡಿದದ್ದು ಅದೇ ಮಹಡಿಗೆ.

ಮೇಲಿನಿಂದ ಇಳಿಯುವ ವೇಗವೂ ನಿರೀಕ್ಷಿಸಿದ್ದರ ಅರ್ಧದಷ್ಟಿತ್ತು. ಹೊರಡುವ ಮುನ್ನ ಕಂಪ್ಯೂಟರ್ ಆರಿಸುವುದು, ಬ್ಯಾಗ್ ಹುಡುಕುವುದು, ಮನೆಗೆ ಫೋನ್ ಮಾಡುವುದು, ಇವುಗಳಲ್ಲೇ ಕೆಲವು ನಿಮಿಷ ಹೋಯಿತು. ಗರ್ಭಿಣಿಯರು, ಮೊಣಕಾಲು ಶಸ್ತ್ರಚಿಕಿತ್ಸೆ ಆದವರು, ಗಾಲಿಕುರ್ಚಿಯವರು, ಉಬ್ಬಸದವರು ಹೀಗೆ ನಡೆಯಲು ಕಷ್ಟವಿದ್ದವರು ಬದುಕಿ ಬಂದವರಲ್ಲೇ ಸುಮಾರು 1,000 ಮಂದಿ ಇದ್ದರು.

ಇಷ್ಟಾದರೂ ಆ ಹೊತ್ತಿಗೆ ಗೋಪುರಗಳಲ್ಲಿದ್ದ ಸುಮಾರು 17,400 ಜನರಲ್ಲಿ 87% ಹೊರಬಂದರು. ಡಿಕ್ಕಿಯಾದ ಮಹಡಿಗಳ ಕೆಳಗಿದ್ದವರಲ್ಲಂತೂ 99% ಉಳಿದರು. 1993ರ ಫೆಬ್ರವರಿ 26ರಂದು ಇದೇ ಕಟ್ಟಡದ ನೆಲಮಾಳಿಗೆಯಲ್ಲಿ ಬಾಂಬ್ ಸ್ಫೋಟಿಸಿ 6 ಮಂದಿ ಸತ್ತಿದ್ದರು. ಅಂದು ಕತ್ತಲೆ, ಹೊಗೆ ತುಂಬಿದ ಮೆಟ್ಟಿಲುಗಳಲ್ಲಿ ಜನ ಗಂಟೆಗಟ್ಟಲೆ ಇಳಿದಿದ್ದರು. ಆಮೇಲೆ ಮೆಟ್ಟಿಲಿನ ಅಂಚಿಗೆ ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿಸಲಾಯಿತು, ಬ್ಯಾಟರಿ ದೀಪ ಹಾಕಲಾಯಿತು, ಮಹಡಿಗೊಬ್ಬರಂತೆ ಅಗ್ನಿ ಮೇಲ್ವಿಚಾರಕರನ್ನು ನೇಮಿಸಿ ಕವಾಯತು ನಡೆಸಲಾಯಿತು. 2001ರಲ್ಲಿ ಇದು ಫಲ ಕೊಟ್ಟಿತು.

ಹೊತ್ತು ಕೂಡ ನೆರವಾಯಿತು. ಅಂದು ನಗರದಲ್ಲಿ ಪಕ್ಷಗಳು ತಮ್ಮ ಅಭ್ಯರ್ಥಿಗಳನ್ನು ಆರಿಸುವ ಪ್ರಾಥಮಿಕ ಚುನಾವಣೆ, ಕೆಲವರು ಮತ ಹಾಕಿ ಬರುವವರಿದ್ದರು. ಶಾಲೆಗೆ ಮಕ್ಕಳನ್ನು ಬಿಟ್ಟು ಬರುವವರಿದ್ದರು. ಪ್ರವಾಸಿಗರ ವೀಕ್ಷಣಾ ಮಹಡಿ ಇನ್ನೂ ತೆರೆದಿರಲಿಲ್ಲ. ಒಂದೊಂದು ಗೋಪುರದಲ್ಲೂ 20,000 ಜನರಿದ್ದಿದ್ದರೆ ಆ ಮೂರು ಮೆಟ್ಟಿಲುಗಳಿಗೆ ಅವರನ್ನು ಸಕಾಲದಲ್ಲಿ ಇಳಿಸಲು ಆಗುತ್ತಿರಲಿಲ್ಲ, ಸುಮಾರು 14,000 ಮಂದಿ ಸಾಯುತ್ತಿದ್ದರು ಎಂದು ನಿಸ್ಟ್ ಲೆಕ್ಕ ಹಾಕಿದೆ.

## ಮೇಲೆ ಹತ್ತಿದವರು

ಅಗ್ನಿಶಾಮಕ ಸಿಬ್ಬಂದಿ ದಪ್ಪ ಕೋಟು, ಉಸಿರಾಟಕ್ಕೆ ಗಾಳಿಯ ಸಿಲಿಂಡರ್, ಮಡಚಿದ ಪೈಪು ಹೊತ್ತು ಅದೇ ಇಕ್ಕಟ್ಟಾದ ಮೆಟ್ಟಿಲಲ್ಲಿ, ಇಳಿಯುವ ಜನರ ಪಕ್ಕದಲ್ಲೇ ಹತ್ತಿದರು. ಪೂರ್ತಿ ಸಲಕರಣೆ ಹೊತ್ತವರಿಗೆ ಒಂದು ಮಹಡಿ ಹತ್ತಲು ಸುಮಾರು 2 ನಿಮಿಷ ಬೇಕಾಯಿತು. ಈ ವೇಗದಲ್ಲಿ 92ನೇ ಮಹಡಿಗೆ ಮೂರು ಗಂಟೆ ಹಿಡಿಯುತ್ತದೆ. ಉತ್ತರ ಗೋಪುರ ನಿಂತದ್ದು ಒಂದೂಮುಕ್ಕಾಲು ಗಂಟೆಗೂ ಕಡಿಮೆ ಹೊತ್ತು.

ಅವರ ರೇಡಿಯೊಗಳ ಸಂಕೇತ ಕಾಂಕ್ರೀಟು, ಉಕ್ಕಿನ ನಡುವೆ ಹಲವು ಕಡೆ ಮೇಲಕ್ಕೆ ತಲುಪುತ್ತಿರಲಿಲ್ಲ. ಒಂದೇ ತರಂಗದಲ್ಲಿ ಎಲ್ಲರೂ ಒಟ್ಟಿಗೆ ಮಾತನಾಡಿದ್ದರಿಂದ ಮಾತು ಮಾತಿನ ಮೇಲೆ ಬಿದ್ದು ಯಾರಿಗೂ ಏನೂ ಕೇಳದಂತಾಯಿತು. ಪೊಲೀಸರ ಹೆಲಿಕಾಪ್ಟರ್‌ನಿಂದ ಬಂದ ಎಚ್ಚರಿಕೆ ಅಗ್ನಿಶಾಮಕ ದಳದ ಕಿವಿಗೆ ಬೀಳಲಿಲ್ಲ, ಎರಡು ಇಲಾಖೆಗಳ ರೇಡಿಯೊ ಬೇರೆ ಬೇರೆ. ದಕ್ಷಿಣ ಗೋಪುರ ಬಿದ್ದಾಗ ಉತ್ತರ ಗೋಪುರದೊಳಗಿದ್ದ ಅನೇಕರಿಗೆ ನೆಲ ನಡುಗಿದ್ದು ತಿಳಿಯಿತು, ಪಕ್ಕದ ಕಟ್ಟಡವೇ ಇಲ್ಲವಾಗಿದೆ ಎಂದು ತಿಳಿಯಲಿಲ್ಲ. ಹೊರಗೆ ಬನ್ನಿ ಎಂಬ ಆದೇಶ ಹೊರಟಿತ್ತು, ಎಲ್ಲರನ್ನೂ ಮುಟ್ಟಲಿಲ್ಲ.

ಕುಸಿದ ಮೇಲೆ ಅವಶೇಷದೊಳಗಿಂದ ಜೀವಂತವಾಗಿ ಹೊರಬಂದವರು ಬೆರಳೆಣಿಕೆಯಷ್ಟು. ಉತ್ತರ ಗೋಪುರದ 'ಬಿ' ಮೆಟ್ಟಿಲಿನ ಕೆಳಭಾಗ ಹೇಗೋ ಉಳಿದುಕೊಂಡಿದ್ದರಿಂದ ಅದರೊಳಗಿದ್ದ 16 ಮಂದಿ ಬದುಕಿದರು. ಮರುದಿನ ಮಧ್ಯಾಹ್ನದ ನಂತರ ಒಬ್ಬರೂ ಸಿಗಲಿಲ್ಲ. ಆಸ್ಪತ್ರೆಗಳ ಮುಂದೆ ಸ್ಟ್ರೆಚರ್ ಜೋಡಿಸಿಟ್ಟುಕೊಂಡು ಕಾದ ವೈದ್ಯರಿಗೆ ನಿರೀಕ್ಷಿಸಿದಷ್ಟು ಗಾಯಾಳುಗಳೇ ಬರಲಿಲ್ಲ.

## ಆರು ಸಾವಿರದಿಂದ 2,753ಕ್ಕೆ

ಮೊದಲ ವಾರಗಳಲ್ಲಿ ಕಾಣೆಯಾದವರ ಪಟ್ಟಿ 6,000 ದಾಟಿತ್ತು. ಒಬ್ಬರನ್ನೇ ಹೆಂಡತಿ ಒಂದು ಕಡೆ, ಕಂಪನಿ ಇನ್ನೊಂದು ಕಡೆ, ಅವರ ದೇಶದ ದೂತಾವಾಸ ಮತ್ತೊಂದು ಕಡೆ ವರದಿ ಮಾಡಿದ್ದರು, ಹೆಸರಿನ ಕಾಗುಣಿತವೂ ಮೂರು ಬಗೆ. ಸುರಕ್ಷಿತವಾಗಿ ಮನೆ ಸೇರಿದವರ ಹೆಸರನ್ನು ಪಟ್ಟಿಯಿಂದ ತೆಗೆಸಲು ಯಾರಿಗೂ ನೆನಪಾಗಿರಲಿಲ್ಲ. ಹಣದಾಸೆಗೆ ಸುಳ್ಳು ಹೆಸರು ಕೊಟ್ಟವರೂ ಇದ್ದರು. ಒಂದೊಂದೇ ಹೆಸರನ್ನು ಕಚೇರಿ ಹಾಜರಿ, ದೂರವಾಣಿ ದಾಖಲೆ, ಬಂಧುಗಳ ಹೇಳಿಕೆಯೊಂದಿಗೆ ತಾಳೆ ನೋಡಿ ಪಟ್ಟಿ ಇಳಿಸಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. 2003ರ ಅಕ್ಟೋಬರ್‌ನಲ್ಲೂ 40 ಹೆಸರುಗಳನ್ನು ತೆಗೆದುಹಾಕಲಾಯಿತು.

ದೇಹವಿಲ್ಲದೆ ಮರಣ ಪ್ರಮಾಣಪತ್ರ ಕೊಡುವುದು ಇನ್ನೊಂದು ತೊಡಕು. ಭಾರತದಲ್ಲಿ ಏಳು ವರ್ಷ ಸುಳಿವಿಲ್ಲದವರನ್ನು ಸತ್ತಂತೆ ಭಾವಿಸುವುದು ಕಾನೂನು. ನ್ಯೂಯಾರ್ಕ್‌ನಲ್ಲಿ ಸಾಮಾನ್ಯವಾಗಿ ಮೂರು ವರ್ಷ. ಅಷ್ಟು ಕಾದರೆ ಸಂಬಳ, ವಿಮೆ, ಮನೆ ಸಾಲ ಎಲ್ಲವೂ ನಿಂತುಹೋಗುತ್ತವೆ. ಹಾಗಾಗಿ ನಗರ ಆಡಳಿತ ಹಡ್ಸನ್ ನದಿದಂಡೆಯ 94ನೇ ಹಡಗುಕಟ್ಟೆಯಲ್ಲಿ ಕುಟುಂಬಗಳಿಗಾಗಿ ಕೇಂದ್ರ ತೆರೆಯಿತು. ಅಲ್ಲಿ ವಕೀಲರು ಕೂತು ಅಫಿಡವಿಟ್ ಬರೆಸಿಕೊಂಡರು: ಆತ ಆ ಬೆಳಿಗ್ಗೆ ಆ ಮಹಡಿಯಲ್ಲಿದ್ದ ಎಂದು ಮನೆಯವರು ಮತ್ತು ಕಂಪನಿ ಹೇಳಿದರೆ ನ್ಯಾಯಾಲಯದ ಮೂಲಕ ಬೇಗನೆ ಪ್ರಮಾಣಪತ್ರ ಸಿಗುತ್ತಿತ್ತು.

## ಮೂಳೆಯ ಪುಡಿಯಲ್ಲಿ ಹೆಸರು ಹುಡುಕುವುದು

ಕುಸಿದ ಜಾಗದಿಂದ ಸುಮಾರು 18 ಲಕ್ಷ ಟನ್ ಅವಶೇಷ ತೆಗೆಯಲಾಯಿತು. ಅದನ್ನು ಸ್ಟಾಟನ್ ಐಲೆಂಡ್‌ನ ಫ್ರೆಶ್ ಕಿಲ್ಸ್ ಎಂಬ ಕಸದ ಮೈದಾನಕ್ಕೆ ಸಾಗಿಸಿ, ಜರಡಿ ಹಿಡಿದು ಹುಡುಕಲಾಯಿತು. ಸಿಕ್ಕ ದೇಹದ ಭಾಗಗಳು ಸುಮಾರು 22,000. ಪೂರ್ಣ ಎನ್ನಬಹುದಾದ ದೇಹಗಳು 300ಕ್ಕಿಂತ ಕಡಿಮೆ. ಕೆಲವು ಚೂರುಗಳು ಬೆರಳುಗುರಿನಷ್ಟು.

ಹಲ್ಲಿನ ಎಕ್ಸ್‌ರೇ, ಬೆರಳಚ್ಚು, ಉಂಗುರದ ಮೇಲಿನ ಕೆತ್ತನೆ ಇವುಗಳಿಂದ ಮೊದಲ ಗುರುತುಗಳು ಸಿಕ್ಕವು. ಮಿಕ್ಕದ್ದಕ್ಕೆ ಡಿಎನ್‌ಎ ಒಂದೇ ದಾರಿ. ಹೋಲಿಸಲು ಮನೆಯವರಿಂದ ಸತ್ತವರ ಹಲ್ಲುಜ್ಜುವ ಬ್ರಷ್, ಬಾಚಣಿಗೆ, ರೇಜರ್ ತರಿಸಿಕೊಂಡರು. ಅವು ಇಲ್ಲದಿದ್ದರೆ ತಂದೆತಾಯಿ, ಮಕ್ಕಳ ಕೆನ್ನೆಯ ಒಳಭಾಗವನ್ನು ಹತ್ತಿಯಿಂದ ಒರೆಸಿ ಮಾದರಿ ಪಡೆದರು.

ತೊಂದರೆ ಎಲ್ಲಿ? ಡಿಎನ್‌ಎ ಎಳೆ ಶಾಖಕ್ಕೂ ನೀರಿಗೂ ತುಂಡಾಗುತ್ತದೆ. ಅವಶೇಷದಲ್ಲಿ ಬೆಂಕಿ ಡಿಸೆಂಬರ್‌ವರೆಗೆ ಉರಿಯಿತು. ಅದನ್ನು ಆರಿಸಲು ನೀರು ಸುರಿದರು. ಇಂಧನ, ಬೂಷ್ಟು, ಬ್ಯಾಕ್ಟೀರಿಯಾ ಎಲ್ಲವೂ ಸೇರಿದವು. ಹಳೆಯ ಪುಸ್ತಕವನ್ನು ಗೆದ್ದಲು ತಿಂದರೆ ಅಲ್ಲೊಂದು ಸಾಲು ಇಲ್ಲೊಂದು ಪದ ಉಳಿಯುತ್ತದಲ್ಲ, ಆ ಮೂಳೆಗಳಲ್ಲಿ ಉಳಿದ ಡಿಎನ್‌ಎ ಹಾಗಿತ್ತು. ಅಂದಿನ ಸಾಮಾನ್ಯ ಪರೀಕ್ಷೆಗೆ ಕನಿಷ್ಠ ಕೆಲವು ಸಾಲುಗಳಾದರೂ ಪೂರ್ತಿ ಬೇಕಿತ್ತು. ಬಿಡಿ ಅಕ್ಷರಗಳಿಂದಲೇ ಓದುವ ವಿಧಾನಗಳು ಆಮೇಲೆ ಬಂದವು.

ಈಗ ಮಾಡುವುದು ಹೀಗೆ: ಮೂಳೆಯ ಮೇಲ್ಮೈಯನ್ನು ಉಜ್ಜಿ ಶುಚಿಗೊಳಿಸುತ್ತಾರೆ. ದ್ರವ ಸಾರಜನಕದಲ್ಲಿ ಅದನ್ನು ಗಾಜಿನಂತೆ ಪೆಡಸಾಗಿಸಿ ನುಣ್ಣಗೆ ಪುಡಿ ಮಾಡುತ್ತಾರೆ. ಪುಡಿಯಲ್ಲಿನ ಸುಣ್ಣದಂಶವನ್ನು ರಾಸಾಯನಿಕದಿಂದ ಕರಗಿಸಿ ಜೀವಕೋಶಗಳನ್ನು ಬಿಡಿಸುತ್ತಾರೆ. ಸಿಕ್ಕಷ್ಟು ಡಿಎನ್‌ಎಯನ್ನು ಹಲವು ಪಟ್ಟು ನಕಲು ಮಾಡಿ ಓದುತ್ತಾರೆ. ಒಂದೇ ಚೂರನ್ನು ಹತ್ತಾರು ಬಾರಿ ಪರೀಕ್ಷಿಸಿದ್ದೂ ಉಂಟು. ಬೇರೆ ಚೂರು ಬೆರೆತಿದ್ದರೆ, ಹೋಲಿಕೆಗೆ ಬಂಧುಗಳ ಮಾದರಿ ಇಲ್ಲದಿದ್ದರೆ ಓದಿದ್ದೂ ವ್ಯರ್ಥ. ಮಾದರಿಯನ್ನು ಮುಗಿಸಿಬಿಟ್ಟರೆ ಮುಂದಿನ ತಂತ್ರಜ್ಞಾನಕ್ಕೆ ಏನೂ ಉಳಿಯದು, ಹಾಗಾಗಿ ಸ್ವಲ್ಪ ಸ್ವಲ್ಪವೇ ಬಳಸುತ್ತಾರೆ.

ಒಬ್ಬರದೇ ಅನೇಕ ಭಾಗಗಳು ವರ್ಷಗಳ ಅಂತರದಲ್ಲಿ ಪತ್ತೆಯಾಗುವುದರಿಂದ ಕಚೇರಿ ಕುಟುಂಬಗಳನ್ನು ಒಂದು ಮಾತು ಕೇಳುತ್ತದೆ: ಪ್ರತಿ ಬಾರಿ ತಿಳಿಸಬೇಕೋ, ಇನ್ನು ತಿಳಿಸಬಾರದೋ? ಅಂತ್ಯಕ್ರಿಯೆ ಮುಗಿಸಿದ ಮನೆಗೆ ಮತ್ತೆ ಫೋನ್ ಬರುವುದನ್ನು ಎಲ್ಲರೂ ತಾಳಲಾರರು. ಗುರುತಾಗದ ಭಾಗಗಳನ್ನು 2014ರ ಮೇ ತಿಂಗಳಲ್ಲಿ ಅದೇ ಜಾಗದ ನೆಲದಡಿ, ಸುಮಾರು 21 ಮೀಟರ್ ಆಳದ ಸಂಗ್ರಹಾಗಾರಕ್ಕೆ ತರಲಾಗಿದೆ. ಪಕ್ಕದಲ್ಲೇ ವಸ್ತುಸಂಗ್ರಹಾಲಯವಿದ್ದರೂ ಇದರ ಹೊಣೆ ವೈದ್ಯಕೀಯ ಪರೀಕ್ಷಕರದು, ಪ್ರವೇಶ ಬಂಧುಗಳಿಗೆ ಮಾತ್ರ.

## ಧೂಳು ಕೊಂದವರು

2,753ರಲ್ಲಿ ಸೇರದ ಸಾವುಗಳಿವೆ. ಕುಸಿತದಲ್ಲಿ ಎದ್ದ ಧೂಳಿನಲ್ಲಿ ಪುಡಿಯಾದ ಕಾಂಕ್ರೀಟು, ಜಿಪ್ಸಂ, ಗಾಜಿನ ನಾರು, ಕಲ್ನಾರು, ಸೀಸ ಇದ್ದವು. ಸಿಮೆಂಟಿನ ಕಾರಣ ಅದು ತೀಕ್ಷ್ಣ ಕ್ಷಾರ. ಗಂಟಲು, ಶ್ವಾಸನಾಳದ ಒಳಪದರವನ್ನು ಸುಡುತ್ತಿತ್ತು. ಒಂದೇ ವಾರದಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಗಾಳಿ ಉಸಿರಾಡಲು ಸುರಕ್ಷಿತ ಎಂದಿತು. ಹಾಗೆ ಹೇಳಲು ಬೇಕಾದಷ್ಟು ಮಾಹಿತಿ ಆಗ ಇರಲಿಲ್ಲ ಎಂದು ಅದೇ ಸಂಸ್ಥೆಯ ಆಂತರಿಕ ತಪಾಸಣಾಧಿಕಾರಿ 2003ರಲ್ಲಿ ವರದಿ ಕೊಟ್ಟರು. ಅಷ್ಟರಲ್ಲಿ ಸಾವಿರಾರು ಕೆಲಸಗಾರರು ಸರಿಯಾದ ಮುಖಗವಸು ಇಲ್ಲದೆ ತಿಂಗಳುಗಟ್ಟಲೆ ಅಗೆದಿದ್ದರು. ಅಗ್ನಿಶಾಮಕ ಸಿಬ್ಬಂದಿಯ ಶ್ವಾಸಕೋಶದ ಸಾಮರ್ಥ್ಯ ವಯಸ್ಸಾದಂತೆ 12 ವರ್ಷಗಳಲ್ಲಿ ಇಳಿಯುವಷ್ಟು ಒಂದೇ ವರ್ಷದಲ್ಲಿ ಇಳಿದಿತ್ತು.

ಕೆಮ್ಮು, ಉಬ್ಬಸ, ಸೈನಸ್ ಬಾಧೆ, ಹುಳಿತೇಗು, ಶ್ವಾಸಕೋಶದಲ್ಲಿ ಉರಿಯೂತದ ಗಂಟುಗಳಾಗುವ ಸಾರ್ಕಾಯ್ಡೋಸಿಸ್, ಮಾನಸಿಕ ಆಘಾತದ ಕಾಯಿಲೆ ಮೊದಲು ಬಂದವು. 2012ರಲ್ಲಿ ಹಲವು ಬಗೆಯ ಕ್ಯಾನ್ಸರ್‌ಗಳೂ ಚಿಕಿತ್ಸೆಯ ಪಟ್ಟಿ ಸೇರಿದವು. ಕ್ಯಾನ್ಸರ್ ಧೂಳಿನಿಂದಲೇ ಬಂತು ಎಂದು ಒಬ್ಬ ವ್ಯಕ್ತಿಯಲ್ಲಿ ಸಾಬೀತು ಮಾಡುವುದು ಹೆಚ್ಚುಕಡಿಮೆ ಅಸಾಧ್ಯ. ಅದಕ್ಕಾಗಿ ಸರ್ಕಾರದ ಆರೋಗ್ಯ ಯೋಜನೆ ಕನಿಷ್ಠ ಅವಧಿಯ ನಿಯಮ ಮಾಡಿದೆ: ಧೂಳಿಗೆ ಒಡ್ಡಿಕೊಂಡ ಮೇಲೆ ಗಡ್ಡೆ ರೂಪದ ಕ್ಯಾನ್ಸರ್‌ಗೆ 4 ವರ್ಷ, ಕಲ್ನಾರಿನಿಂದ ಬರುವ ಮೆಸೊಥೀಲಿಯೋಮಾಕ್ಕೆ 11 ವರ್ಷ ಕಳೆದಿರಬೇಕು. ನಿರಂತರ ತಪಾಸಣೆ ನಡೆಯುವುದರಿಂದ ಥೈರಾಯ್ಡ್‌ನಂಥ ಕ್ಯಾನ್ಸರ್‌ಗಳು ಬೇರೆಡೆಗಿಂತ ಹೆಚ್ಚು ಕಣ್ಣಿಗೆ ಬೀಳುತ್ತವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಯೋಜನೆಗೆ ನೋಂದಾಯಿಸಿದವರು 1,30,000 ಮೀರಿದ್ದಾರೆ. ಅದು 2090ರವರೆಗೆ ನಡೆಯಲಿದೆ.

2023ರ ಸೆಪ್ಟೆಂಬರ್‌ನಲ್ಲಿ ಧೂಳಿನ ಕಾಯಿಲೆಗಳಿಂದ ಸತ್ತ ನ್ಯೂಯಾರ್ಕ್ ಅಗ್ನಿಶಾಮಕ ಸಿಬ್ಬಂದಿಯ ಸಂಖ್ಯೆ 343 ಮುಟ್ಟಿತು, ಅಂದರೆ ದಾಳಿಯ ದಿನ ಸತ್ತಷ್ಟೇ. ಆ ಸಂಖ್ಯೆ ಈಗ ಇನ್ನೂ ಮೇಲೆ ಹೋಗಿದೆ.

## ಪರಿಹಾರ ಮತ್ತು ಕಟ್ಟಡ ನಿಯಮ

2001ರಿಂದ 2004ರವರೆಗಿನ ಮೊದಲ ಪರಿಹಾರ ನಿಧಿ ದಾಳಿ ನಡೆದ ಮೂರೂ ಕಡೆಯ ಒಟ್ಟು 2,880 ಮೃತರ ಕುಟುಂಬಗಳಿಗೂ 2,680 ಗಾಯಾಳುಗಳಿಗೂ ಒಟ್ಟು 700 ಕೋಟಿ ಡಾಲರ್ ಮೀರಿ ಹಂಚಿತು. ಕೆನೆತ್ ಫೈನ್‌ಬರ್ಗ್ ಇದರ ಮುಖ್ಯಸ್ಥರಾಗಿದ್ದರು. ನೋವಿಗೆಂದು ಪ್ರತಿ ಮೃತರಿಗೆ 2,50,000 ಡಾಲರ್, ಸಂಗಾತಿಗೂ ಪ್ರತಿ ಅವಲಂಬಿತರಿಗೂ ತಲಾ 1,00,000 ಡಾಲರ್. ಅದರ ಮೇಲೆ ಮುಂದೆ ದುಡಿಯಬಹುದಾಗಿದ್ದ ಆದಾಯ ಸೇರಿಸಿ, ಕುಟುಂಬಕ್ಕೆ ಬಂದ ವಿಮೆ, ಪಿಂಚಣಿಯ ಹಣವನ್ನು ಅದರಲ್ಲಿ ಕಳೆಯುತ್ತಿದ್ದರು. ದಲ್ಲಾಳಿಯ ಮನೆಗೂ ಪಾತ್ರೆ ತೊಳೆಯುವವನ ಮನೆಗೂ ಬಂದ ಹಣ ಬೇರೆಯಾದದ್ದು ಈ ಆದಾಯದ ಲೆಕ್ಕದಿಂದ, ಮತ್ತು ಆ ನೋವು ಇಂದಿಗೂ ಕುಟುಂಬಗಳಲ್ಲಿದೆ. ದಾಖಲೆಪತ್ರವಿಲ್ಲದೆ ಅಮೆರಿಕದಲ್ಲಿ ದುಡಿಯುತ್ತಿದ್ದವರ ಮನೆಯವರಿಗೂ ಪರಿಹಾರ ಸಿಕ್ಕಿತು.

ನಿಸ್ಟ್ ವರದಿಯ ನಂತರ, ಅಮೆರಿಕದಲ್ಲಿ ಮಾದರಿ ನಿಯಮವಾಗಿ ಬಳಸುವ ಅಂತರರಾಷ್ಟ್ರೀಯ ಕಟ್ಟಡ ಸಂಹಿತೆ 2009ರಲ್ಲಿ ಬದಲಾಯಿತು. ಸುಮಾರು 128 ಮೀಟರ್‌ಗಿಂತ ಎತ್ತರದ ಹೊಸ ಕಟ್ಟಡಕ್ಕೆ ಒಂದು ಹೆಚ್ಚುವರಿ ಮೆಟ್ಟಿಲು, ಮೆಟ್ಟಿಲುಗಳಲ್ಲಿ ಕತ್ತಲಲ್ಲಿ ಹೊಳೆಯುವ ಗೆರೆ, ಅಗ್ನಿಶಾಮಕ ಸಿಬ್ಬಂದಿಗೆಂದೇ ರಕ್ಷಿತ ಲಿಫ್ಟ್, ಉಕ್ಕಿಗೆ ಬಳಿಯುವ ಬೆಂಕಿನಿರೋಧಕ ಲೇಪ ಸುಲಭವಾಗಿ ಉದುರದಷ್ಟು ಬಿಗಿ ಹಿಡಿಯಬೇಕೆಂಬ ಷರತ್ತು ಸೇರಿದವು. ಜನರನ್ನು ಇಳಿಸಲು ಯೋಗ್ಯವಾದ ವಿಶೇಷ ಲಿಫ್ಟ್ ಹಾಕಿದರೆ ಆ ಹೆಚ್ಚುವರಿ ಮೆಟ್ಟಿಲಿಗೆ ವಿನಾಯಿತಿ ಉಂಟು. ಹಳೆಯ ಕಟ್ಟಡಗಳಿಗೆ ಹೊಸ ಮೆಟ್ಟಿಲು ಕೊರೆಯುವುದು ಸಾಧ್ಯವಿಲ್ಲದ್ದರಿಂದ ನ್ಯೂಯಾರ್ಕ್ 2004ರಲ್ಲಿ ಬೇರೆ ದಾರಿ ಹಿಡಿಯಿತು: 100 ಅಡಿಗಿಂತ ಎತ್ತರದ ಎಲ್ಲ ಹಳೆಯ ಕಚೇರಿ ಕಟ್ಟಡಗಳೂ ಬೆಂಕಿ ಬಿದ್ದರೆ ತಾನಾಗಿ ನೀರು ಚಿಮ್ಮುವ ಸ್ಪ್ರಿಂಕ್ಲರ್ ಅಳವಡಿಸಬೇಕೆಂದಿತು, ಅದಕ್ಕೆ ಕೊಟ್ಟ ಗಡುವು 2019ರ ಜುಲೈ 1.